ಮಂತ್ರದ ಬೆಲೆ ಯಾವ ನಾಣ್ಯದಲ್ಲಿ?

ಆರ್ಥರ್ ದೊರೆಯ ಕತೆಯನ್ನು ಅರ್ಧಂಬರ್ಧ ಕೇಳಿದವರಿಗೂ ಎರಡು ಹೆಸರು ನೆನಪಿರುತ್ತವೆ. ಒಂದು, ದೊರೆಯ ಖಡ್ಗ ಎಕ್ಸ್‌ಕ್ಯಾಲಿಬರ್. ಇನ್ನೊಂದು, ಆ ಖಡ್ಗ ಸಿಗುವ ಸರೋವರದ ಬಳಿಗೆ ದೊರೆಯನ್ನು ಕರೆದೊಯ್ದ ಮಾಂತ್ರಿಕ ಮೆರ್ಲಿನ್. ಸರ್ ಥಾಮಸ್ ಮ್ಯಾಲರಿ ಈ ಕತೆಗಳನ್ನೆಲ್ಲ ಕೂಡಿಸಿ ಬರೆದ ದೊಡ್ಡ ಗ್ರಂಥವನ್ನು ವಿಲಿಯಂ ಕ್ಯಾಕ್ಸ್‌ಟನ್ 1485ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚು ಮಾಡಿ ಹೊರತಂದ. ಅಚ್ಚಿನಲ್ಲಿ ಅದು 21 ಭಾಗಗಳಾಯಿತು. ವಿಚಿತ್ರವೆಂದರೆ ನಾಲ್ಕನೆಯ ಭಾಗ ಶುರುವಾಗುತ್ತಿದ್ದಂತೆಯೇ ಮೆರ್ಲಿನ್ ಕತೆಯಿಂದ ಹೊರಗೆ! ಅವನಿಂದಲೇ ವಿದ್ಯೆ ಕಲಿತ ಯುವತಿಯೊಬ್ಬಳು ಅವನನ್ನು ಒಂದು ದೊಡ್ಡ ಬಂಡೆಯಡಿ ಸೆರೆಹಾಕಿ ಹೊರಟುಹೋಗುತ್ತಾಳೆ. ಮುಂದಿನ ಕತೆಯೆಲ್ಲ ಕುದುರೆ ಏರಿ ಈಟಿ ಹಿಡಿದ ನೈಟ್‌ಗಳೆಂಬ ವೀರರದು.

ಮೆರ್ಲಿನ್ ಕೊನೆಯವರೆಗೂ ಆಸ್ಥಾನದಲ್ಲೇ ಇದ್ದಿದ್ದರೆ ಏನಾಗುತ್ತಿತ್ತು? ಮುಂದೆ ಆಗುವುದನ್ನು ಮೊದಲೇ ಹೇಳಬಲ್ಲ, ಒಬ್ಬನ ರೂಪವನ್ನು ಇನ್ನೊಬ್ಬನಿಗೆ ಕೊಡಬಲ್ಲ ಮನುಷ್ಯ ಪಕ್ಕದಲ್ಲಿ ಕುಳಿತಿರುವಾಗ ನೈಟ್‌ಗಳಿಗೆ ಮಾಡಲು ಏನು ಕೆಲಸ ಉಳಿಯುತ್ತಿತ್ತು? ಸುಮಾರು ಐದು ನೂರು ವರ್ಷಗಳ ಬಳಿಕ ಇದೇ ಪ್ರಶ್ನೆ ಮೇಜಿನ ಸುತ್ತ ಕುಳಿತು ಆಡುವ ಒಂದು ಆಟದಲ್ಲಿ ಮತ್ತೆ ಎದ್ದಿತು. ಅದಕ್ಕೆ ಆಟಗಾರರು ಕಂಡುಕೊಂಡ ಉತ್ತರಗಳಲ್ಲಿ ಸ್ವಲ್ಪ ಗಣಿತವಿದೆ, ಸ್ವಲ್ಪ ವಿಜ್ಞಾನವಿದೆ, ಸ್ವಲ್ಪ ನ್ಯಾಯವೂ ಇದೆ.

ಮಾತೇ ಹಲಗೆ, ದಾಳವೇ ತೀರ್ಪು

ಪಾತ್ರ ವಹಿಸಿ ಆಡುವ ಈ ಆಟಕ್ಕೆ ಇಂಗ್ಲಿಷಿನಲ್ಲಿ 'ರೋಲ್ ಪ್ಲೇಯಿಂಗ್ ಗೇಮ್' ಎನ್ನುತ್ತಾರೆ. ಇದಕ್ಕೆ ಮನೆಗಳನ್ನು ಬರೆದ ಹಲಗೆ ಕಡ್ಡಾಯವಲ್ಲ. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಅವರಲ್ಲೊಬ್ಬ 'ಗೇಮ್ ಮಾಸ್ಟರ್'. ಕಾಡು, ಕೋಟೆ, ಶತ್ರು, ಹವಾಮಾನ ಎಲ್ಲವನ್ನೂ ವರ್ಣಿಸುವವನು ಅವನೇ. ಉಳಿದವರು ಒಂದೊಂದು ಪಾತ್ರ ವಹಿಸುತ್ತಾರೆ. 'ಎದುರಿಗೆ ಮುರಿದ ಸೇತುವೆ ಇದೆ, ಏನು ಮಾಡುತ್ತೀರಿ?' ಎಂದು ಅವನು ಕೇಳುತ್ತಾನೆ. 'ಕುದುರೆ ಹಾರಿಸುತ್ತೇನೆ' ಎಂದು ಒಬ್ಬ ಆಟಗಾರ ಹೇಳುತ್ತಾನೆ. ಹಾರಿತೋ ಬಿದ್ದಿತೋ ಎಂಬುದನ್ನು ದಾಳ ಹೇಳುತ್ತದೆ. ಪಾತ್ರದ ಶಕ್ತಿ, ಕೌಶಲಗಳನ್ನು ಒಂದು ಹಾಳೆಯಲ್ಲಿ ಅಂಕಿಗಳಾಗಿ ಬರೆದಿಟ್ಟಿರುತ್ತಾರೆ. ಕೊನೆಯಲ್ಲಿ ಇಂಥವರು ಗೆದ್ದರು, ಇಂಥವರು ಸೋತರು ಎಂದು ಹೇಳುವ ಆಟ ಇದಲ್ಲ. ಕತೆ ಮುಂದುವರಿಯಿತೇ ಎಂಬುದೊಂದೇ ಲೆಕ್ಕ.

ಈ ಬಗೆಯ ಆಟಗಳಲ್ಲಿ ಅಚ್ಚಾಗಿ ಮಾರಾಟಕ್ಕೆ ಬಂದ ಮೊದಲನೆಯದು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಊರಿನಿಂದ 1974ರಲ್ಲಿ ಹೊರಬಂತು. ಒಂದು ಡಬ್ಬಿಯಲ್ಲಿ ಮೂರು ಸಣ್ಣ ಪುಸ್ತಕಗಳು, ಮೊದಲ ಮುದ್ರಣ 1000 ಪ್ರತಿಗಳು. ರಚಿಸಿದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಇದರ ದಾಳಗಳದೂ ಒಂದು ಸ್ವಾರಸ್ಯ. 4, 6, 8, 12, 20 ಮುಖಗಳ ಐದು ದಾಳಗಳು. ಎಲ್ಲ ಮುಖಗಳೂ ಒಂದೇ ಅಳತೆಯ ಸಮಬಹುಭುಜಗಳಾಗಿರುವ, ಪ್ರತಿ ಮೂಲೆಯೂ ಒಂದೇ ತೆರನಾಗಿರುವ ಉಬ್ಬು ಘನಾಕೃತಿಗಳು ಜಗತ್ತಿನಲ್ಲಿ ಐದೇ ಐದು ಎಂದು ಪ್ರಾಚೀನ ಗ್ರೀಕರು ಸಾಧಿಸಿ ತೋರಿಸಿದ್ದರಲ್ಲ, ಅವೇ ಈ ಐದು! ಶಾಲೆಗಳಿಗೆ ಗಣಿತದ ಸಾಮಗ್ರಿ ಒದಗಿಸುತ್ತಿದ್ದ ಕ್ಯಾಲಿಫೋರ್ನಿಯದ ಒಂದು ಸಂಸ್ಥೆಯಿಂದ ಇವನ್ನು ತರಿಸಿ ಆಟದವರು ಮಾರುತ್ತಿದ್ದರು.

ಮೂಲದಲ್ಲೇ ಮನೆ ಕಟ್ಟಳೆ

ಚೌಕಾಬಾರ ಆಡಿದವರಿಗೆ ಗೊತ್ತು, ಒಂದು ಮನೆಯ ಕಟ್ಟಳೆ ಪಕ್ಕದ ಮನೆಯಲ್ಲಿ ನಡೆಯುವುದಿಲ್ಲ. ಪಾತ್ರದ ಆಟಗಳಲ್ಲೂ ಹಾಗೆಯೇ. ಪುಸ್ತಕದಲ್ಲಿ ಇಲ್ಲದ, ಒಂದು ಮೇಜಿನವರು ತಮಗಾಗಿ ಮಾಡಿಕೊಂಡ ನಿಯಮಕ್ಕೆ 'ಹೌಸ್ ರೂಲ್' ಎನ್ನುತ್ತಾರೆ. ಮನೆ ಕಟ್ಟಳೆ ಎಂದರೆ ಸರಿಹೋದೀತು.

ನೋಡಹೋದರೆ 1974ರ ಆಟವೇ ಮನೆ ಕಟ್ಟಳೆಗಳ ಕೂಸು. ಅದಕ್ಕೆ ಮೂರು ವರ್ಷ ಮೊದಲು, 1971ರಲ್ಲಿ, ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ ಗೊಂಬೆ ಸೈನಿಕರನ್ನು ಮೇಜಿನ ಮೇಲೆ ನಿಲ್ಲಿಸಿ ಆಡುವ ಯುದ್ಧದಾಟಕ್ಕೆ 'ಚೈನ್‌ಮೇಲ್' ಎಂಬ ನಿಯಮ ಪುಸ್ತಕ ಬರೆದಿದ್ದರು. ಅದರ ಕೊನೆಯಲ್ಲಿ ಮಾಂತ್ರಿಕರಿಗೂ ಡ್ರ್ಯಾಗನ್‌ಗಳಿಗೂ ಕೆಲವು ಪುಟ ಮೀಸಲಿಟ್ಟರು. ಮಾಂತ್ರಿಕ ಎಸೆಯುವ ಬೆಂಕಿಯುಂಡೆ ಎಷ್ಟು ಜಾಗಕ್ಕೆ ತಾಗಬೇಕು? ದೊಡ್ಡ ಕವಣೆಯಂತ್ರದ ಕಲ್ಲು ತಾಗುವಷ್ಟು. ಅವನ ಸಿಡಿಲು? ಭಾರಿ ಫಿರಂಗಿಯ ಗುಂಡು ತಾಗುವಷ್ಟು. ಮಂತ್ರವನ್ನು ಅಳೆಯಲು ಅವರ ಕೈಯಲ್ಲಿದ್ದ ಕೋಲು ಫಿರಂಗಿಯೇ! ಡೇವ್ ಆರ್ನೆಸನ್ ಮಿನೆಸೋಟದ ತಮ್ಮ ಗೆಳೆಯರೊಡನೆ ಈ ನಿಯಮಗಳನ್ನೂ ಬಳಸಿ, ತಿದ್ದಿ, ಬೇಡದ್ದನ್ನು ಬಿಟ್ಟು, ಬೇಕಾದ್ದನ್ನು ಸೇರಿಸಿ 'ಬ್ಲ್ಯಾಕ್‌ಮೂರ್' ಎಂಬ ಕಲ್ಪಿತ ನಾಡಿನಲ್ಲಿ ಆಡತೊಡಗಿದರು. ಅದರಿಂದ ಹುಟ್ಟಿದ್ದು ಹೊಸ ಆಟ.

ಆಮೇಲೂ ಅದೇ ಪರಿಪಾಠ. ಸ್ಟೀವ್ ಪೆರಿನ್ ಎಂಬವರು 1976ರಲ್ಲಿ ಈ ಆಟದ ಕಾಳಗಕ್ಕೆ ತಮ್ಮದೇ ಕಟ್ಟಳೆಗಳನ್ನು ಬರೆದು ಹಂಚಿದರು. ಎರಡೇ ವರ್ಷದಲ್ಲಿ, 1978ರಲ್ಲಿ, ಅವರೇ ಮುಖ್ಯ ಲೇಖಕರಾಗಿ 'ರೂನ್‌ಕ್ವೆಸ್ಟ್' ಎಂಬ ಬೇರೆಯೇ ಆಟ ಹೊರಬಂತು. ಆದ್ದರಿಂದ ಮನೆ ಕಟ್ಟಳೆ ಎಂದರೆ ನಿಯಮಭಂಗ ಎಂದು ತಿಳಿಯಬೇಕಾಗಿಲ್ಲ. ಈ ಆಟಗಳು ಬೆಳೆದದ್ದೇ ಹೀಗೆ.

ನಾಲ್ಕು ಆಟ, ನಾಲ್ಕು ಬೆಲೆ

ಕತ್ತಿ ಬೀಸುವ ಪಾತ್ರಕ್ಕೆ ಮಿತಿ ತಾನಾಗಿಯೇ ಇರುತ್ತದೆ. ತೋಳು ಸೋಲುತ್ತದೆ, ಎದುರಾಳಿಯೂ ಕತ್ತಿ ಹಿಡಿದಿರುತ್ತಾನೆ. ಮಂತ್ರಕ್ಕೆ ಅಂಥ ಮಿತಿಯನ್ನು ಪ್ರಕೃತಿ ಕೊಟ್ಟಿಲ್ಲ. ಏಕೆಂದರೆ ಮಂತ್ರ ಪ್ರಕೃತಿಯಲ್ಲಿಯೇ ಇಲ್ಲ! ಆದ್ದರಿಂದ ಆಟ ಕಟ್ಟುವವನೇ ಮಿತಿಯನ್ನೂ ಕಟ್ಟಬೇಕು. ಯಾರು ಹೇಗೆ ಕಟ್ಟಿದರು ನೋಡಿ.

'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ನೆನಪನ್ನು ಬೆಲೆಯಾಗಿಸಿತು. ಜ್ಯಾಕ್ ವ್ಯಾನ್ಸ್ ಎಂಬ ಲೇಖಕರ 1950ರ 'ದಿ ಡೈಯಿಂಗ್ ಅರ್ಥ್' ಎಂಬ ಕಥಾಪುಸ್ತಕದಲ್ಲಿ ಮಾಂತ್ರಿಕರು ಮಂತ್ರವನ್ನು ಬಾಯಿಪಾಠ ಮಾಡಿಕೊಂಡು ಹೊರಡುತ್ತಾರೆ. ಒಮ್ಮೆ ಉಚ್ಚರಿಸಿದರೆ ಸಾಕು, ಅದು ನೆನಪಿನಿಂದ ಅಳಿಸಿಹೋಗುತ್ತದೆ. ಪರೀಕ್ಷೆ ಬರೆದು ಹೊರಬಂದ ವಿದ್ಯಾರ್ಥಿಗೆ ಆಗುವಂತೆಯೇ ಎನ್ನಿ. ಗೈಗ್ಯಾಕ್ಸ್ ಇದನ್ನೇ ತಮ್ಮ ಆಟಕ್ಕೆ ತಂದರು. 1974ರ ನಿಯಮದಂತೆ ಹೊಸ ಮಾಂತ್ರಿಕನಿಗೆ ದಿನಕ್ಕೆ ಒಂದೇ ಮಂತ್ರ. ಬೆಳಿಗ್ಗೆ ಯಾವುದನ್ನು ಆರಿಸಿಕೊಂಡನೋ ಅದೇ ಗತಿ.

ಫೀನಿಕ್ಸ್ ನಗರದ ಕೆನ್ ಸೇಂಟ್ ಆಂಡ್ರೆ ಅವರಿಗೆ ಆ ಪುಸ್ತಕ ತೊಡಕಾಗಿ ಕಂಡಿತು. ಅವರು 1975ರಲ್ಲಿ 'ಟನೆಲ್ಸ್ ಅಂಡ್ ಟ್ರೋಲ್ಸ್' ಎಂಬ ಸರಳ ಆಟ ಬರೆದರು. ಆರು ಮುಖದ ಮಾಮೂಲಿ ದಾಳ ಸಾಕು. ಅಲ್ಲಿ ಮಂತ್ರದ ಬೆಲೆ ಮೈಯ ಕಸುವು. ಒಂದೊಂದು ಮಂತ್ರಕ್ಕೂ ಪಾತ್ರದ ಶಕ್ತಿಯಿಂದ ಇಷ್ಟಿಷ್ಟು ಅಂಕ ಕಳೆಯಬೇಕು, ವಿಶ್ರಮಿಸಿದರೆ ಅದು ಮರಳಿ ಬರುತ್ತದೆ. ಮಂತ್ರ ಹಾಕಿದವನು ಹೊಲ ಉತ್ತು ಬಂದವನಂತೆ ಸುಸ್ತಾಗುತ್ತಾನೆ.

'ರೂನ್‌ಕ್ವೆಸ್ಟ್' ಇನ್ನೊಂದು ದಾರಿ ಹಿಡಿಯಿತು. ಅಲ್ಲಿ ಮಾಂತ್ರಿಕರೆಂಬ ಪ್ರತ್ಯೇಕ ಜಾತಿಯಿಲ್ಲ, ಕತ್ತಿಯವನಿಗೂ ಕತ್ತಿಯ ಅಲುಗನ್ನು ಹರಿತಗೊಳಿಸುವ ಒಂದು ಸಣ್ಣ ಮಂತ್ರ ಬರುತ್ತದೆ. ಎಲ್ಲರಿಗೂ ಸ್ವಲ್ಪಸ್ವಲ್ಪ, ಯಾರಿಗೂ ಪುಕ್ಕಟೆಯಲ್ಲ.

1987ರಲ್ಲಿ ಜೋನಾಥನ್ ಟ್ವೀಟ್ ಮತ್ತು ಮಾರ್ಕ್ ರೈನ್‌ಹೇಗನ್ ಬರೆದ 'ಆರ್ಸ್ ಮ್ಯಾಜಿಕ'ದಲ್ಲಂತೂ ಮಂತ್ರವೆಂದರೆ ವ್ಯಾಕರಣ. ಸೃಷ್ಟಿಸು, ಅರಿ, ಮಾರ್ಪಡಿಸು, ನಾಶಮಾಡು, ಆಳು ಎಂಬ ಐದು ಕ್ರಿಯಾಪದಗಳು. ಬೆಂಕಿ, ನೀರು, ಗಾಳಿ, ಮಣ್ಣು, ದೇಹ, ಮನಸ್ಸು ಮೊದಲಾದ ಹತ್ತು ನಾಮಪದಗಳು. ಎಲ್ಲಕ್ಕೂ ಲ್ಯಾಟಿನ್ ಹೆಸರು. ಐದು ಹತ್ತಲ ಐವತ್ತು ಜೋಡಿಗಳು, ಅವುಗಳಿಂದ ಲೆಕ್ಕವಿಲ್ಲದಷ್ಟು ಮಂತ್ರಗಳು. ಇಲ್ಲಿ ಬೆಲೆ ಓದು. ಮಾಂತ್ರಿಕ ಋತುಗಟ್ಟಲೆ ಗ್ರಂಥಾಲಯದಲ್ಲಿ ಕುಳಿತು ಓದಬೇಕು.

ಮಾಂತ್ರಿಕನಿಗೆ ಜಾಗವಿಲ್ಲದ ಆಟ

ಇವೆಲ್ಲಕ್ಕಿಂತ ಭಿನ್ನವಾಗಿ ಮಂತ್ರವನ್ನು ಆಟಗಾರರ ಕೈಗೆ ಕೊಡುವುದೇ ಇಲ್ಲ ಎಂದವರು ಗ್ರೆಗ್ ಸ್ಟ್ಯಾಫರ್ಡ್. 1985ರಲ್ಲಿ ಬಂದ ಅವರ 'ಕಿಂಗ್ ಆರ್ಥರ್ ಪೆಂಡ್ರಾಗನ್' ಆಟದಲ್ಲಿ ಆಟಗಾರರು ಆರ್ಥರನ ಕಾಲದ ನೈಟ್‌ಗಳು. ಮ್ಯಾಲರಿಯ ಗ್ರಂಥವೇ ಅದರ ಮುಖ್ಯ ಆಧಾರ. ಜಾದೂ ಇಲ್ಲವೆಂದಲ್ಲ, ಬೇಕಾದಷ್ಟಿದೆ. ಆದರೆ ಅದು ಗೇಮ್ ಮಾಸ್ಟರ್‌ನ ಕೈಯಲ್ಲಿದೆ. ಮೆರ್ಲಿನ್ ಬರುತ್ತಾನೆ, ಏನೋ ಹೇಳುತ್ತಾನೆ, ಹೋಗುತ್ತಾನೆ. ನೈಟ್‌ಗೆ ಅದು ಅರ್ಥವಾಗದ, ಅಂಜಬೇಕಾದ ವಸ್ತು. ಅರ್ಥವಾಗದೆ ಇರುವುದೇ ಅದರ ಸೊಗಸು.

ಆದರೂ ಬೇಡಿಕೆ ನಿಲ್ಲಲಿಲ್ಲ. 1990ರ ನಾಲ್ಕನೆಯ ಆವೃತ್ತಿಯಲ್ಲಿ ಆಟಗಾರರೂ ಮಾಂತ್ರಿಕರಾಗಲು ನಿಯಮಗಳು ಬಂದವು. 2005ರ ಐದನೆಯ ಆವೃತ್ತಿಯಲ್ಲಿ ಅವನ್ನು ಮತ್ತೆ ತೆಗೆದುಹಾಕಿ ನೈಟ್‌ಗಳಿಗಷ್ಟೇ ಆಟವನ್ನು ಮೀಸಲಿಡಲಾಯಿತು. ಕೊಟ್ಟರು, ಹಿಂತೆಗೆದುಕೊಂಡರು! ಮ್ಯಾಲರಿಯ ಬಂಡೆಯಡಿಗೆ ಮೆರ್ಲಿನ್ ಎರಡನೆಯ ಬಾರಿ ಹೋದಂತಾಯಿತು.

ಹಾಗಾದರೆ ಮೇಜಿನ ಸುತ್ತ ಕುಳಿತ ನಾಲ್ವರಲ್ಲಿ ಒಬ್ಬಳು, 'ಕತ್ತಿ ನನಗೆ ಬೇಡ, ಮೆರ್ಲಿನ್‌ನ ಶಿಷ್ಯೆಯಾಗುತ್ತೇನೆ' ಎಂದು ಹಟ ಹಿಡಿದರೆ ಉಳಿದವರು ಏನು ಮಾಡಬೇಕು? ಪುಸ್ತಕದಲ್ಲಿಲ್ಲ ಎಂದು ಸುಮ್ಮನಾಗಿಸಬಹುದು. ಆದರೆ ಆಟ ಅವಳದೂ ಹೌದು. ಬೇರೆ ಆಟದ ಮಂತ್ರಗಳನ್ನು ಹಾಗೆಯೇ ಎತ್ತಿ ತರಬಹುದು. ಆಗ ದಿನಕ್ಕೊಂದು ಮಂತ್ರ ಎಂಬ ನಿಯಮ ಇಲ್ಲಿ ನಗೆಪಾಟಲಾಗುತ್ತದೆ. ಏಕೆಂದರೆ ಪೆಂಡ್ರಾಗನ್ ಆಟದಲ್ಲಿ ಸಾಮಾನ್ಯವಾಗಿ ಒಂದು ಸಲದ ಆಟಕ್ಕೆ ಕತೆಯಲ್ಲಿ ಒಂದು ವರ್ಷ ಕಳೆಯುತ್ತದೆ. ವರ್ಷಕ್ಕೊಂದು ಸಾಹಸ, ಆಮೇಲೆ ಚಳಿಗಾಲ. ದಿನಕ್ಕೊಂದರಂತೆ ವರ್ಷಕ್ಕೆ 365 ಮಂತ್ರ ಸಿಕ್ಕಿದರೆ ಅದೆಂಥ ಮಿತಿ!

ಇಲ್ಲಿಯೇ ಈ ವಿಷಯದ ಗುಟ್ಟು ಇರುವುದು. ಮಂತ್ರದ ಬೆಲೆಯನ್ನು ಆಯಾ ಆಟದ ನಾಣ್ಯದಲ್ಲೇ ಕೊಡಬೇಕು. ನೆಲಮಾಳಿಗೆಯಲ್ಲಿ ಒಂದು ದಿನ ಬದುಕಿ ಹೊರಬರುವುದೇ ಕತೆಯಾದರೆ ಆ ದಿನದ ನೆನಪು, ಆ ದಿನದ ಕಸುವು ಸರಿಯಾದ ನಾಣ್ಯ. ಒಂದು ತಲೆಮಾರಿನ ಬದುಕೇ ಕತೆಯಾದರೆ? ಅಲ್ಲಿ ಬೆಲೆಬಾಳುವುದು ಎರಡು. ಒಂದು ಆಯಸ್ಸು, ಇನ್ನೊಂದು ಗುಣ.

ಆಯಸ್ಸು ಮತ್ತು ಗುಣ

ಪೆಂಡ್ರಾಗನ್ ಆಟದ ಚಳಿಗಾಲದಲ್ಲಿ ನೈಟ್ ತನ್ನ ಕೌಶಲಗಳನ್ನು ಹೆಚ್ಚಿಸಿಕೊಳ್ಳುತ್ತಾನೆ, ಸಂಸಾರ ನೋಡುತ್ತಾನೆ. ವಯಸ್ಸು 35 ತಲುಪಿದ ಮೇಲೆ ಪ್ರತಿ ಚಳಿಗಾಲವೂ ಮುಪ್ಪಿನ ದಾಳ ಎಸೆಯಬೇಕು. ಅದೃಷ್ಟ ಕೆಟ್ಟರೆ ಬಲವೋ ಚುರುಕೋ ಒಂದಂಕ ಇಳಿಯುತ್ತದೆ. ಇನ್ನು ಗುಣಗಳು. ಪ್ರತಿ ಪಾತ್ರಕ್ಕೂ 13 ಗುಣಜೋಡಿಗಳಿವೆ. ಸತ್ಯ–ವಂಚನೆ, ಔದಾರ್ಯ–ಸ್ವಾರ್ಥ, ಶೌರ್ಯ–ಹೇಡಿತನ ಹೀಗೆ. ಪ್ರತಿ ಜೋಡಿಯ ಮೊತ್ತ 20. ಸತ್ಯ 13 ಇದ್ದವನಿಗೆ ವಂಚನೆ 7. ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು.

ಈ ಎರಡು ನಾಣ್ಯಗಳಲ್ಲಿ ಒಂದು ಮನೆ ಕಟ್ಟಳೆಯನ್ನು ಹೀಗೆ ಬರೆಯಬಹುದು. ಶಿಷ್ಯೆಗೆ 'ಮಂತ್ರವಿದ್ಯೆ' ಎಂಬ ಕೌಶಲ ಕೊಡಿ, ಆರಂಭಕ್ಕೆ 10 ಅಂಕ. ಸಣ್ಣ ಮಂತ್ರ, ಅಂದರೆ ಬೆದರಿದ ಕುದುರೆಯನ್ನು ಸುಮ್ಮನಾಗಿಸುವುದು, ದಾರಿಯ ಮೇಲೆ ಮಂಜು ಕವಿಸುವುದು ಇಂಥವಕ್ಕೆ ಬೆಲೆ ಆ ಚಳಿಗಾಲದ ಕಲಿಕೆ. ಮಂತ್ರ ಹಾಕಿದ ವರ್ಷ ಬೇರೆ ಯಾವ ಕೌಶಲವೂ ಬೆಳೆಯುವುದಿಲ್ಲ. ದೊಡ್ಡ ಮಂತ್ರ, ಅಂದರೆ ಸಾಯುತ್ತಿರುವವನನ್ನು ಉಳಿಸುವುದಕ್ಕೆ, ವಯಸ್ಸು ಇಪ್ಪತ್ತೇ ಇದ್ದರೂ ಒಂದು ಮುಪ್ಪಿನ ದಾಳ. ಬೇರೊಬ್ಬರ ರೂಪ ತಾಳುವಂಥ ಕಣ್ಕಟ್ಟಿಗೆ ಸತ್ಯದಿಂದ ಒಂದಂಕ ಕಳೆದು ವಂಚನೆಗೆ ಕೂಡಿಸಬೇಕು. 13–7 ಇದ್ದದ್ದು 12–8 ಆಗುತ್ತದೆ. ಹತ್ತು ಕಣ್ಕಟ್ಟು ಮುಗಿಯುವಷ್ಟರಲ್ಲಿ ಸತ್ಯ 3, ವಂಚನೆ 17! ಆಗ ಆಸ್ಥಾನದಲ್ಲಿ ಅವಳ ಮಾತನ್ನು ನಂಬುವವರು ಯಾರು? ಮಂತ್ರ ಫಲಿಸಿತು, ಹೇಳಿದವಳು ಬದಲಾದಳು. ಇದು ಆರ್ಥರನ ಕತೆಗೆ ಒಪ್ಪುವ ಬೆಲೆ.

ದಾಳದ ಲೆಕ್ಕ

ಕಟ್ಟಳೆ ಬರೆದಾಯಿತು. ಅದು ಸರಿಯಿದೆಯೇ ಎಂದು ತಿಳಿಯುವುದು ಹೇಗೆ? ಇಲ್ಲಿ ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿಯಬೇಕು.

ಪೆಂಡ್ರಾಗನ್ ಆಟದಲ್ಲಿ 20 ಮುಖದ ದಾಳ ಎಸೆಯುತ್ತಾರೆ. ಕೌಶಲ 10 ಎಂದಿಟ್ಟುಕೊಳ್ಳಿ. 1ರಿಂದ 9 ಬಿದ್ದರೆ ಗೆಲುವು. ಸರಿಯಾಗಿ 10 ಬಿದ್ದರೆ ಅಮೋಘ ಗೆಲುವು. 11ರಿಂದ 19 ಸೋಲು. 20 ಬಿದ್ದರೆ ಘೋರ ಸೋಲು. ಪ್ರತಿ ಮುಖಕ್ಕೂ ಸಮಾನ ಅವಕಾಶ, ಅಂದರೆ ಶೇಕಡಾ 5. ಹೀಗಾಗಿ ಗೆಲುವು ಶೇಕಡಾ 45, ಅಮೋಘ ಗೆಲುವು 5, ಸೋಲು 45, ಘೋರ ಸೋಲು 5.

ಈಗ ಯಾರೋ ಒಬ್ಬರು, 'ಘೋರ ಸೋಲಾದರೆ ಮಾಂತ್ರಿಕಳು ಸಾಯಲಿ. ಹೇಗೂ ನೂರಕ್ಕೆ ಐದು ಸಲ ಮಾತ್ರವಲ್ಲವೇ?' ಎನ್ನುತ್ತಾರೆ. ಕೇಳಲು ಸಣ್ಣ ಅಪಾಯ. ಲೆಕ್ಕ ಹಾಕಿ ನೋಡಿ. ವರ್ಷಕ್ಕೆ ಮೂರು ಮಂತ್ರ ಹಾಕಿದಳೆನ್ನಿ. ಒಂದು ಮಂತ್ರದಲ್ಲಿ ಬದುಕುಳಿಯುವ ಸಂಭವ 0.95. ಮೂರರಲ್ಲೂ ಬದುಕುಳಿಯುವುದು 0.95 × 0.95 × 0.95, ಅಂದರೆ ಸುಮಾರು 0.857. ಹತ್ತು ವರ್ಷಕ್ಕೆ 30 ಮಂತ್ರ. 0.95ನ್ನು ಮೂವತ್ತು ಸಲ ಗುಣಿಸಿದರೆ ಉಳಿಯುವುದು ಸುಮಾರು 0.215. ಅಂದರೆ ಇಂಥ ಐದು ಜನ ಮಾಂತ್ರಿಕರಲ್ಲಿ ಹತ್ತು ವರ್ಷ ದಾಟುವವರು ಸುಮಾರಾಗಿ ಒಬ್ಬರೇ! ಒಂದೊಂದೇ ಸಲಕ್ಕೆ ಚಿಕ್ಕದಾಗಿ ಕಾಣುವ ಅಪಾಯ ಮರುಕಳಿಸಿದಾಗ ಎಷ್ಟು ದೊಡ್ಡದಾಗುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಪಾಠ ಸಿಗಲಾರದು. ಹೆಲ್ಮೆಟ್ ಇಲ್ಲದೆ 'ಇಲ್ಲೇ ಮೂಲೆಗೆ' ಹೊರಡುವವರೂ ಈ ಲೆಕ್ಕವನ್ನೊಮ್ಮೆ ನೋಡಬೇಕು.

ಆದ್ದರಿಂದ ಕಟ್ಟಳೆಯನ್ನು ತಿದ್ದಬೇಕು. ಘೋರ ಸೋಲಾದರೆ ಅವಳು ಮುಂದಿನ ಒಂದು ವರ್ಷ ಎಚ್ಚರವಿಲ್ಲದ ನಿದ್ದೆಯಲ್ಲಿರಲಿ. ಆ ವರ್ಷ ಆಟಗಾರ್ತಿ ಆ ಪಾತ್ರದ ತಮ್ಮನನ್ನೋ ಸೋದರ ಸಂಬಂಧಿಯನ್ನೋ ಆಡಲಿ. ಪಾತ್ರ ಮಲಗಿದರೂ ಗೆಳತಿ ಮೇಜಿನಿಂದ ಎದ್ದು ಹೋಗಬೇಕಾಗಿಲ್ಲ.

ಇನ್ನೊಂದು ತಪ್ಪು ಎದುರು ದಿಕ್ಕಿನದು. ಕತ್ತಿಯಲ್ಲಿ 15 ಅಂಕದ ನೈಟ್‌ಗೆ ಗೆಲುವಿನ ಸಂಭವ, ಅಮೋಘ ಗೆಲುವೂ ಸೇರಿ, ಶೇಕಡಾ 75. ಮಂತ್ರಕ್ಕೆ ಶೇಕಡಾ 50. ನೈಟ್‌ನ ಕಡೆಯೇ ತೂಕ ಹೆಚ್ಚು ಎನ್ನಿಸುತ್ತದೆ. ಆದರೆ ಕತ್ತಿಯ ಒಂದು ಏಟು ತಡೆಯುವುದು ಒಬ್ಬ ಶತ್ರುವನ್ನು. ಮಂಜಿನ ಮಂತ್ರ ಇಪ್ಪತ್ತು ಶತ್ರುಗಳ ದಾರಿ ತಪ್ಪಿಸಿದರೆ? ಎದುರಾಳಿಯ ದಾಳವನ್ನು ಸದ್ಯಕ್ಕೆ ಬದಿಗಿಟ್ಟು ಸರಾಸರಿ ತೆಗೆಯಿರಿ. ಕತ್ತಿಗೆ 0.75 × 1 = 0.75. ಮಂತ್ರಕ್ಕೆ 0.50 × 20 = 10. ಹದಿಮೂರು ಪಟ್ಟು! ಸಂಭವವನ್ನಷ್ಟೇ ನೋಡಿದವರು ಮೋಸಹೋದರು. ಸಂಭವವನ್ನು ಫಲದಿಂದ ಗುಣಿಸಬೇಕಿತ್ತು. ಮಂಜು ಮೂವರನ್ನು ಮಾತ್ರ ಮುಸುಕುತ್ತದೆ ಎಂದು ತಿದ್ದಿದರೆ 0.50 × 3 = 1.5. ಕತ್ತಿಯ ಎರಡರಷ್ಟು, ಆದರೆ ಅದಕ್ಕೆ ಒಂದು ಚಳಿಗಾಲದ ಬೆಲೆ ತೆತ್ತಾಗಿದೆ. ಈಗ ಚೌಕಾಶಿ ನ್ಯಾಯವಾಗಿದೆ.

ಬೆಂಕಿಯುಂಡೆಯ ಗಾತ್ರ

ಕಟ್ಟಳೆಗೆ ಇನ್ನೂ ಒಂದು ಗುಣ ಬೇಕು. ಅದು ಒಮ್ಮೆ ಒಂದು ರೀತಿ, ಇನ್ನೊಮ್ಮೆ ಇನ್ನೊಂದು ರೀತಿ ನಡೆಯಬಾರದು. ಇದಕ್ಕೆ ಒಳ್ಳೆಯ ನಿದರ್ಶನ 'ಅಡ್ವಾನ್ಸ್‌ಡ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್'ನ 1978ರ ಪುಸ್ತಕದಲ್ಲಿದೆ. ಅಲ್ಲಿ ಬೆಂಕಿಯುಂಡೆಯ ತ್ರಿಜ್ಯ ನೆಲಮಾಳಿಗೆಯಲ್ಲಿ 20 ಅಡಿ. ಗೋಲದ ಗಾತ್ರದ ಸೂತ್ರ ಹತ್ತನೆಯ ತರಗತಿಯವರಿಗೂ ಗೊತ್ತು: ಮೂರರಲ್ಲಿ ನಾಲ್ಕು ಪಾಲು, ಪೈ, ತ್ರಿಜ್ಯದ ಘನ. ಲೆಕ್ಕ ಮಾಡಿದರೆ ಸುಮಾರು 33,500 ಘನ ಅಡಿ. ಪುಸ್ತಕ ಅದನ್ನು 33,000 ಎಂದು ಇಳಿಸಿ ಹೇಳಿ ಒಂದು ಮಾತು ಸೇರಿಸಿತು. ಜಾಗ ಇಕ್ಕಟ್ಟಾದರೆ ಬೆಂಕಿ ಅಷ್ಟೇ ಗಾತ್ರವನ್ನು ತುಂಬಿಕೊಳ್ಳುವವರೆಗೆ ಹರಡುತ್ತದೆ.

ಈಗ 10 ಅಡಿ ಅಗಲ, 10 ಅಡಿ ಎತ್ತರದ ಓಣಿಯಲ್ಲಿ ಅದನ್ನು ಎಸೆಯಿರಿ. 33,000ವನ್ನು 100ರಿಂದ ಭಾಗಿಸಿದರೆ 330. ಎರಡೂ ಕಡೆ ದಾರಿ ತೆರೆದಿದ್ದರೆ ಮುಂದಕ್ಕೆ 165 ಅಡಿ, ಹಿಂದಕ್ಕೂ 165 ಅಡಿ ಬೆಂಕಿ! ಎಸೆದವನೇ ಸುಟ್ಟುಹೋಗುತ್ತಾನೆ. ಆಟಗಾರರು ಮಂತ್ರ ಹೇಳುವ ಮೊದಲು ಓಣಿಯನ್ನು ಅಳೆಯತೊಡಗಿದರು. 2014ರ ಐದನೆಯ ಆವೃತ್ತಿಯಲ್ಲಿ ಈ ತುಂಬಿಕೊಳ್ಳುವ ನಿಯಮ ಇಲ್ಲ, ಬೆಂಕಿ 20 ಅಡಿಯೊಳಗೆ ಮೂಲೆಗಳನ್ನು ಸುತ್ತುತ್ತದೆ ಅಷ್ಟೆ. ಹಳೆಯ ಲೆಕ್ಕವೇ ಬೇಕೆನ್ನುವ ಮೇಜಿನವರು ಅದನ್ನು ಮನೆ ಕಟ್ಟಳೆಯಾಗಿ ಮರಳಿ ತಂದುಕೊಳ್ಳಬಹುದು. ಮಂತ್ರ ಸುಳ್ಳಿರಬಹುದು, ಆದರೆ ಅದರ ಪರಿಣಾಮ ಲೆಕ್ಕಕ್ಕೆ ಸಿಗುವಂತಿದ್ದರೆ ಆಡುವವರು ಯೋಚಿಸುತ್ತಾರೆ. ಲೆಕ್ಕಕ್ಕೆ ಸಿಗದಿದ್ದರೆ ಗೇಮ್ ಮಾಸ್ಟರ್‌ನ ಮುಖ ನೋಡುತ್ತಾರೆ.

ಪಣಕ್ಕಿರುವುದು ಏನು?

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದು ಒಂದು ಆಟಕ್ಕಾಗಿಯೇ ಎಂದು ಪೋಷಕರು ಕೇಳಬಹುದು. ಸರಿಯಾದ ಪ್ರಶ್ನೆಯೇ. ಪಣಕ್ಕಿರುವುದು ಗೆಳೆತನ. ಮಂತ್ರ ಅಗ್ಗವಾದ ಮೇಜಿನಲ್ಲಿ ಮಾಂತ್ರಿಕನೇ ಬಾಗಿಲು ತೆರೆಯುತ್ತಾನೆ, ಮಾಂತ್ರಿಕನೇ ಶತ್ರುವನ್ನು ಕೊಲ್ಲುತ್ತಾನೆ, ಮಾಂತ್ರಿಕನೇ ಗಾಯ ಮಾಗಿಸುತ್ತಾನೆ. ಉಳಿದ ಮೂವರು ಪ್ರೇಕ್ಷಕರು. ಅವರು ಜಗಳವಾಡುವುದಿಲ್ಲ. ಮುಂದಿನ ವಾರ ಒಬ್ಬನಿಗೆ ಟ್ಯೂಷನ್ ಇರುತ್ತದೆ, ಅದರ ಮುಂದಿನ ವಾರ ಇನ್ನೊಬ್ಬನಿಗೆ ತಲೆನೋವು. ಆಟ ಸತ್ತದ್ದು ಯಾರಿಗೂ ಗೊತ್ತಾಗುವುದಿಲ್ಲ.

ಆದ್ದರಿಂದ ಕಟ್ಟಳೆ ಮಾಡುವುದಕ್ಕೂ ಒಂದು ಕಟ್ಟಳೆ ಬೇಕು. ಮೊದಲನೆಯದು, ಬಾಯಿಮಾತು ಬೇಡ, ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆಯಿರಿ. ಎರಡನೆಯದು, ಹೊಸ ಕಟ್ಟಳೆ ಮುಂದಿನ ಆಟದಿಂದ ಜಾರಿಗೆ ಬರಲಿ. ಆಟದ ನಡುವೆ, ಸೋಲುತ್ತಿರುವಾಗ ತಿದ್ದಿದ ಕಟ್ಟಳೆ ಕಟ್ಟಳೆಯಲ್ಲ. ಮೂರನೆಯದು, ಮೂರು ಆಟಗಳ ಪ್ರಯೋಗಾವಧಿ ಇರಲಿ. ಯಾರ ತೀರ್ಮಾನದಿಂದ ಕತೆ ತಿರುಗಿತೋ ಅವರ ಹೆಸರಿನ ಮುಂದೆ ಒಂದು ಗೀಟು ಎಳೆಯಿರಿ. ಮೂರು ಆಟದ ಕೊನೆಗೆ ಮಾಂತ್ರಿಕಳಿಗೆ 24 ಗೀಟು, ಉಳಿದವರಿಗೆ ಏಳೆಂಟು ಬಂದಿದ್ದರೆ ಮಂತ್ರ ಅಗ್ಗವಾಗಿದೆ, ಬೆಲೆ ಏರಿಸಿ. ಅವಳಿಗೆ ಎರಡೇ ಗೀಟು ಬಂದಿದ್ದರೆ ದುಬಾರಿಯಾಗಿದೆ, ಇಳಿಸಿ. ನಾಲ್ಕನೆಯದು, ಬೆಲೆ ತಿದ್ದುವಾಗ ಅವಳೂ ಕೂತಿರಬೇಕು, ಕತ್ತಿಯವರೂ ಕೂತಿರಬೇಕು. ಕಟ್ಟಳೆ ಬರೆದವರಿಗೂ ಅದೇ ಕಟ್ಟಳೆ.

ಊಹೆ, ಪ್ರಯೋಗ, ಅಳತೆ, ತಿದ್ದುಪಡಿ. ಈ ನಾಲ್ಕು ಪದ ವಿಜ್ಞಾನದ ಪಠ್ಯಪುಸ್ತಕದ ಮೊದಲ ಪುಟಗಳಲ್ಲೇ ಸಿಗುತ್ತವೆ. ಓದಿ ಬಾಯಿಪಾಠ ಮಾಡಿದಾಗ ಅವು ವ್ಯಾನ್ಸ್‌ನ ಮಂತ್ರದಂತೆ ಪರೀಕ್ಷೆಯ ಮರುದಿನ ಅಳಿಸಿಹೋಗುತ್ತವೆ. ತಾವೇ ಬರೆದ ಕಟ್ಟಳೆಯನ್ನು ತಾವೇ ತಿದ್ದಿದ ಮಕ್ಕಳಿಗೆ ಅವು ಅಷ್ಟು ಸುಲಭವಾಗಿ ಮರೆಯುವುದಿಲ್ಲ.

ಅಮೆರಿಕದಲ್ಲಿ 1980ರ ದಶಕದಲ್ಲಿ ಕೆಲವು ತಂದೆತಾಯಿಗಳಿಗೆ ಈ ಆಟ ಮಕ್ಕಳಿಗೆ ನಿಜವಾದ ಮಾಟ ಮಂತ್ರ ಕಲಿಸುತ್ತದೆಂಬ ಭಯ ಹುಟ್ಟಿ ದೊಡ್ಡ ಗಲಾಟೆಯೇ ಆಯಿತು. 1989ರ ಆವೃತ್ತಿಯಿಂದ ದೆವ್ವ ಪಿಶಾಚಿಗಳ ಹೆಸರುಗಳನ್ನೇ ಪ್ರಕಾಶಕರು ತೆಗೆದಿಟ್ಟರು. ಮಂತ್ರದ ಒಳಗೆ ಇರುವುದು ಗುಣಾಕಾರ ಭಾಗಾಕಾರವೆಂದು ಮೇಜಿನ ಪಕ್ಕ ಹತ್ತು ನಿಮಿಷ ಕುಳಿತವರಿಗೆ ಗೊತ್ತಾಗುತ್ತದೆ. ಪೋಷಕರು ಗಮನಿಸಬೇಕಾದ್ದು ಬೇರೆ. ಆಟ ಎಷ್ಟು ಹೊತ್ತಿಗೆ ಮುಗಿಯಿತು, ನಿದ್ದೆಯಾಯಿತೇ, ನಾಲ್ವರಲ್ಲಿ ಯಾರಾದರೂ ಮಾತಾಡದೆ ಕೂತಿದ್ದಾರೆಯೇ. ಕೊನೆಯದನ್ನು ಮಕ್ಕಳಿಗೂ ನೋಡಲು ಕಲಿಸಿದರೆ ಉಪಕಾರ.

ಆಡಿ ನೋಡುವ ಆಸೆಯಿದ್ದರೆ 20 ಮುಖದ ದಾಳಕ್ಕಾಗಿ ಅಲೆಯಬೇಕಾಗಿಲ್ಲ. ಒಂದೇ ಅಳತೆಯ 20 ಚೀಟಿಗಳ ಮೇಲೆ 1ರಿಂದ 20 ಬರೆದು ಡಬ್ಬಿಗೆ ಹಾಕಿ. ಒಂದನ್ನು ಎತ್ತಿ, ಓದಿ, ಮತ್ತೆ ಡಬ್ಬಿಗೇ ಹಾಕಿ ಕುಲುಕಿ. ಹಾಕುವುದನ್ನು ಮರೆತರೆ ಸಂಭವದ ಲೆಕ್ಕವೆಲ್ಲ ಬದಲಾಗುತ್ತದೆ. ಹೇಗೆ ಬದಲಾಗುತ್ತದೆ ಎಂದು ಯೋಚಿಸಿ. ಆಮೇಲೆ ಒಂದೇ ಒಂದು ಮಂತ್ರವನ್ನು ಕಲ್ಪಿಸಿ, ಅದರ ಬೆಲೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಮೂವತ್ತು ಸಲ ಚೀಟಿ ಎತ್ತಿ ಆ ಬೆಲೆ ತೆತ್ತು ನೋಡಿ. ಮೂವತ್ತನೆಯ ಸಲವೂ ಮಂತ್ರ ಹೇಳಬೇಕೋ ಬೇಡವೋ ಎಂದು ಮನಸ್ಸು ಅನುಮಾನಿಸಿದರೆ ಬೆಲೆ ಸರಿಯಾಗಿದೆ ಎಂದರ್ಥ.